ಯತ್ತಪ್ಪನ ತಾಮ್ರದ ಮೊಳೆ

"ಆ ಮೊಳೆ ಮುಟ್ಟಬ್ಯಾಡಪ್ಪ. ಮರಕ್ಕೆ ಏನು ಬೇಕಾದ್ರೂ ಮಾಡ್ಕೊ, ಅದೊಂದನ್ನ ಕೀಳಬ್ಯಾಡ."

ಗೋದಾಮಿನ ಬಾಗಿಲಲ್ಲಿ ನಿಂತು ಹೀಗೆಂದವಳು ಜುಂಜಮ್ಮ. ಎಪ್ಪತ್ತು ದಾಟಿದ ಮುದುಕಿ, ಸೊಂಟದ ಮೇಲೆ ನೀರಿನ ಕೊಡ. ಕೇಳಿಸಿಕೊಂಡವನು ವಿಶ್ವನಾಥ್. ಹಳೆಯ ಮರದ ದೋಣಿಗಳನ್ನು ರಿಪೇರಿ ಮಾಡಿ ಹೊಸದಾಗಿಸುವ ಕಸುಬಿನವನು, ಹೊನ್ನಾವರದಿಂದ ಬಂದವನು. ಅವನು ತಲೆ ಎತ್ತದೆ ನಕ್ಕ.

"ಅಜ್ಜಿ, ಇಂಥ ಮೊಳೆ ಸಾವಿರ ಕಿತ್ತಿದ್ದೀನಿ. ಯಾವುದೂ ನನ್ನ ಕಚ್ಚಿಲ್ಲ."

ಮೊಳಕಾಲ್ಮೂರು ಸೀಮೆಯಲ್ಲಿ ದೋಣಿ ಎಂದರೆ ಈಗ ಜನ ನಗುತ್ತಾರೆ. ಬಿ.ಜಿ. ಕೆರೆ ಊರಿನಾಚೆಯ ಈ ಹಳ್ಳಿಯ ಕೆರೆ ತುಂಬಿ ನಿಲ್ಲುತ್ತಿದ್ದ ಕಾಲದಲ್ಲಿ ಆಚೆ ದಡಕ್ಕೆ ಜನರನ್ನೂ ಶೇಂಗಾ ಚೀಲಗಳನ್ನೂ ದಾಟಿಸಿದ್ದು ಈಗ ಗೋದಾಮಿನಲ್ಲಿ ಬಿದ್ದಿದ್ದ ಈ ಸಾಗುವಾನಿ ದೋಣಿಯೇ. ಏಳು ಒಡೆಯರನ್ನು ಕಂಡ ದೋಣಿ. ಅದಕ್ಕೆ ಕಾಗದಪತ್ರ ಇರಲಿಲ್ಲ. ಮಾರುವವನು ಮೂತಿಯ ಹಲಗೆಯಲ್ಲಿದ್ದ ತಾಮ್ರದ ಮೊಳೆಯನ್ನು ಕೈಯಾರೆ ಕಿತ್ತು ಕೊಳ್ಳುವವನ ಅಂಗೈಯಲ್ಲಿ ಇಡಬೇಕು; ಕೊಂಡವನು ಅದನ್ನೇ ಪಕ್ಕದಲ್ಲಿ ಹೊಡೆಯಬೇಕು. ಅಲ್ಲಿಗೆ ರಿಜಿಸ್ಟ್ರಿ ಆದಂತೆ. ಹಲಗೆಯಲ್ಲಿ ಬೆಣೆ ತುಂಬಿದ ಆರು ತೂತುಗಳಿದ್ದವು. ಏಳನೆಯದರಲ್ಲಿ ಮೊಳೆ ಇತ್ತು.

ಏಳನೆಯವನು ಯತ್ತಪ್ಪ, ಜುಂಜಮ್ಮನ ಗಂಡ. ಊರ ಸಾಹುಕಾರ ದೋಣಿ ಕೇಳಿದ, ಯತ್ತಪ್ಪ ಕೊಡುವುದಿಲ್ಲ ಎಂದ. ಅಷ್ಟಕ್ಕೇ ಅವನನ್ನು ದೋಣಿಯ ಜೊತೆಗೇ ಸಾಹುಕಾರನದೇ ಆದ ಈ ಗೋದಾಮಿನಲ್ಲಿ ಕೂಡಿಹಾಕಿದರು. ಮೂರು ದಿನ, ನಡು ಬೇಸಿಗೆ, ಹನಿ ನೀರಿಲ್ಲ. ಮೊಳೆ ಕೀಳುತ್ತೇನೆಂದರೆ ಬಾಗಿಲು ತೆಗೆಯುತ್ತಿದ್ದರು. ಅವನು ಕೀಳಲಿಲ್ಲ. ಬಾಗಿಲು ತೆಗೆದಾಗ ಹೆಣದ ಕೈ ಮೊಳೆಯ ಮೇಲಿತ್ತು. ಊರೆಲ್ಲ ನೋಡಿ ಬಾಯಿ ಮುಚ್ಚಿಕೊಂಡಿತು. ಆ ಬಾಯಿಗಳಿಗಿಷ್ಟು ಮಣ್ಣು ಹಾಕ.

ಈಗ ಆ ಸಾಹುಕಾರನ ಮಗ ಜಯದೇವಪ್ಪ ದೊಡ್ಡ ಮನುಷ್ಯ. ಕಳೆದ ಮಳೆಗಾಲದಲ್ಲಿ ಎಷ್ಟೋ ವರ್ಷದ ಮೇಲೆ ಕೆರೆ ಕೋಡಿ ಬಿದ್ದಿದ್ದೇ ತಡ, ದೋಣಿಯನ್ನು ಹೊಸದು ಮಾಡಿಸಿ, ಮೂತಿಗೆ ‘ನಮ್ಮ ಮನೆತನದ ದೋಣಿ’ ಎಂಬ ಹಿತ್ತಾಳೆ ಫಲಕ ಹೊಡೆಸಿ ತೇಲಿಸುವ ಆಸೆ ಅವನಿಗೆ ಹುಟ್ಟಿತು; ವಿಶ್ವನಾಥನನ್ನು ಕರೆಸಿದ. ಕೈ ಕೆಸರು ಮಾಡಿಕೊಂಡವನು ಯತ್ತಪ್ಪ, ಮೊಸರು ತಿನ್ನುವ ಬಾಯಿ ಇವನದು.

ವಿಶ್ವನಾಥ್ ಇಕ್ಕಳ ಹಾಕಿ ಮೊಳೆ ಕಿತ್ತ. ಅದರ ಕೊರಳಿಗೆ ಕಪ್ಪು ದಾರ, ದಾರದಲ್ಲಿ ನರೆಯದ ಉದ್ದ ಕೂದಲು. ಹೆಣ್ಣಿನ ಕೂದಲು. ಅದನ್ನು ಊದಿ ಬಿಸಾಡಿ, ಮುದುಕಿಯನ್ನು ಅಣಕಿಸಲೆಂದೇ ಮೊಳೆಯನ್ನು ಎಂಟನೆಯ ಜಾಗದಲ್ಲಿಟ್ಟು ಸುತ್ತಿಗೆಯಿಂದ ಬಡಿದ.

"ನೋಡಿ ಅಜ್ಜಿ, ಇವತ್ತಿಂದ ನಾನೇ ಒಡೆಯ."

ಜುಂಜಮ್ಮ ನೀರಿನ ಕೊಡವನ್ನು ಅಲ್ಲೇ ಇಳಿಸಿ ಹೋದಳು.

ಮಧ್ಯಾಹ್ನದ ಹೊತ್ತಿಗೆ ಬಾಯಾರಿಕೆ ಶುರುವಾಯಿತು. ಏಪ್ರಿಲ್ ಬಿಸಿಲು, ಕಿಟಕಿಯಿಲ್ಲದ ಗೋದಾಮು, ಆಗುವುದೇ ಎಂದುಕೊಂಡ. ಒಂದು ಚೊಂಬು ಕುಡಿದ. ಮತ್ತೊಂದು ಕುಡಿದ. ಕೊಡವೇ ಬರಿದಾಯಿತು, ನಾಲಿಗೆ ಮಾತ್ರ ಶೇಂಗಾ ಸಿಪ್ಪೆಯಂತೆ ಒಣಗಿಯೇ ಇತ್ತು. ಆಗ ಕತ್ತಲ ಮೂಲೆಯಿಂದ ಸದ್ದು ಬಂತು. ತೊಟ್. ತೊಟ್. ಹಳೆಯ ಎಣ್ಣೆಯ ಕಮಟು ವಾಸನೆಯನ್ನು ಹಿಂದೆ ಹಾಕಿ ಕೆರೆಯ ಕೆಸರಿನ ವಾಸನೆ ಮೂಗಿಗೆ ಅಡರಿತು. ದೋಣಿಯ ತಳಕ್ಕೆ ಕೈ ಹಚ್ಚಿದ. ಎಷ್ಟೋ ವರ್ಷ ಒಣಗಿ ಬಿರುಕು ಬಿಟ್ಟಿದ್ದ ಹಲಗೆಗಳು ತೊಯ್ದು ಒಂದಕ್ಕೊಂದು ಕಚ್ಚಿಕೊಂಡಿದ್ದವು.

ಮಾರನೆಯ ದಿನಕ್ಕೆ ಅವನ ಅಂಗೈ ಒಡೆಯಿತು. ತುಟಿ ಒಡೆಯಿತು. ಕೆರೆಯಿಂದ ಕೊಡ ತುಂಬಿ ತಂದ. ಕುಡಿದ. ದೋಣಿಯ ತಳದಲ್ಲಿ ನೀರು ನಿಂತಿತು. ಮತ್ತೆ ಕುಡಿದ. ದೋಣಿಯಲ್ಲಿ ನೀರು ಏರಿತು. ಉಗುಳಿಲ್ಲ. ಬೆವರಿಲ್ಲ. ಇಕ್ಕಳ ಹಾಕಿ ಎಳೆದ. ಮೊಳೆ ಅಲುಗಲಿಲ್ಲ. ಉಬ್ಬಿದ ಮರ ಅದನ್ನು ನುಂಗಿತ್ತು. ಓಡಿಹೋಗಲು ನೋಡಿದ. ಹೊಸ್ತಿಲಲ್ಲೇ ಕುಸಿದ.

ಕಣ್ಣು ಬಿಟ್ಟಾಗ ಜುಂಜಮ್ಮ ಎದುರಿಗೆ ಕೂತಿದ್ದಳು.

"ಆ ದಾರ ನಾನೇ ಕಟ್ಟಿಸಿದ್ದು, ನನ್ನ ಕೂದ್ಲು ಹಾಕಿ," ಎಂದಳು. "ರಾಯದುರ್ಗದ ಕಡೆ ಮಂತ್ರಗಾರನ ಕೈಲಿ. ನನ್ನ ಗಂಡನ ದಾಹ ಆ ಮೊಳೇಲಿ ಐತೆ. ಹೊಡ್ದೋನಿಗೆ ಹತ್ತುತೈತೆ, ಹೊಡ್ದೋನೇ ಕೀಳಬೇಕು."

"ಬರ್ತಿಲ್ಲ. ಮರ ಉಬ್ಬಿದೆ."

"ನೀನು ಕುಡ್ದ ನೀರಿಗೇ ಉಬ್ಬೈತೆ. ಕುಡಿಯೋದು ಬಿಡು, ಮರ ಒಣಗ್ಲಿ."

"ಎಷ್ಟು ದಿನ?"

"ಅವ್ನು ಮೂರು ದಿನ ಇದ್ದ."

ಅವಳು ತುಂಬಿದ ಕೊಡವನ್ನು ಅವನ ಕೈಗೆ ಎಟುಕುವಲ್ಲೇ ಇಟ್ಟಳು. ಬಾಗಿಲು ತೆರೆದೇ ಇತ್ತು. ಯತ್ತಪ್ಪನಿಗೆ ಅಷ್ಟೂ ಇರಲಿಲ್ಲ.

ಮೊದಲ ದಿನ ಅವನು ಅವಳನ್ನು ಬೈದ. ಎರಡನೆಯ ದಿನ ಬೈಯಲು ದನಿ ಇರಲಿಲ್ಲ. ಕೊಡದ ಕಂಠದ ಮೇಲಿನ ತೇವವನ್ನು ನೋಡುತ್ತ ಬಿದ್ದಿದ್ದ. ಬಗ್ಗಡ ನೀರು ಹಲಗೆ ಹಲಗೆಯಿಂದ ಇಳಿದುಹೋಗುವ ಸದ್ದು ಕಿವಿಯಲ್ಲೇ ಇತ್ತು. ಮೂರನೆಯ ದಿನ ಮಟಮಟ ಮಧ್ಯಾಹ್ನ, ಎಲ್ಲೋ ಮರ ಟಣ್ ಎಂದು ಬಿರಿಯಿತು. ತೆವಳಿಕೊಂಡು ಹೋದ. ಬೆರಳಲ್ಲೇ ಹಿಡಿದ. ಉಗುರು ಕಿತ್ತುಬಂತು. ಹಿಂದೆಯೇ ಮೊಳೆಯೂ ಬಂತು.

ಜುಂಜಮ್ಮ ಅವನ ಬಾಯಿಗೆ ನೀರು ಬಿಟ್ಟಳು. ಈ ಸಲ ಅದು ಅವನ ಗಂಟಲಲ್ಲೇ ಇಳಿಯಿತು. ಮಾತಾಡಲು ಬಾಯಿ ತೆರೆದರೆ ದನಿ ಬರಲಿಲ್ಲ. ಆಮೇಲೂ ಯಾವತ್ತೂ ಬರಲಿಲ್ಲ.

"ನನ್ನ ಕೈಗೆ ಕೊಡು," ಎಂದು ಅವಳು ಅಂಗೈ ಒಡ್ಡಿದಳು. "ಫಲಕದ ಮೇಲೆ ನನ್ನ ಗಂಡನ ಹೆಸರು ಬರಸು. ಅಲ್ಲಿಗೆ ಮುಗೀತು."

ಅಷ್ಟರಲ್ಲಿ ಫಲಕ ಹಿಡಿದು ಬಂದ ಜಯದೇವಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ.

"ನಮ್ಮ ದೋಣಿ ಮೇಲೆ ಅಂಬಿಗನ ಹೆಸರಾ?" ವಿಶ್ವನಾಥನ ಅಂಗೈಯಿಂದ ಮೊಳೆ ಕಿತ್ತುಕೊಂಡ. "ನಮ್ಮಪ್ಪ ಬಿಟ್ಟಿದ್ದನ್ನ ನಾನು ಮುಗಿಸ್ತೀನಿ. ಸುತ್ತಿಗೆ ತಾ ಇಲ್ಲಿ."

ವಿಶ್ವನಾಥ್ ತಲೆಯಾಡಿಸಿದ. ಬೇಡ, ಬೇಡ ಎಂದು ನೆತ್ತರು ಸೋರುವ ಕೈಯಾಡಿಸಿದ.

"ಹೊಡೀಬ್ಯಾಡ್ರಿ ಸಾವ್ಕಾರ್ರೆ," ಎಂದಳು ಜುಂಜಮ್ಮ. "ಒಂದ್ಸಲ ಹೇಳ್ತೀನಿ, ಅಷ್ಟೇ."

ಜಯದೇವಪ್ಪ ಮೂರೇ ಏಟಿಗೆ ಮೊಳೆಯನ್ನು ತಲೆಯವರೆಗೆ ಇಳಿಸಿದ. ಕೈ ಝಾಡಿಸಿಕೊಂಡ. ಮುದುಕಿಯನ್ನು ನೋಡಿ ನಗಲು ಹೋದವನು ತುಟಿ ಸವರಿಕೊಂಡ. ಇನ್ನೊಮ್ಮೆ ಸವರಿಕೊಂಡ.

"ಎಂಥ ಸೆಕೆ ಇದು. ಆ ಕೊಡದಾಗಿಂದ ಒಂದು ಲೋಟ ನೀರು ಕೊಡು."

ಜುಂಜಮ್ಮ ಕೊಡವನ್ನು ಸೊಂಟಕ್ಕೇರಿಸಿಕೊಂಡು ಬಿಸಿಲಿಗೆ ಇಳಿದು ಮನೆಯ ಕಡೆ ನಡೆದಳು.