ಫ್ಯಾನಿನ ಹಿಂದಿನ ತಂತಿ

ಟಪ್...

ರಾತ್ರಿ ಪಾಳಿಯ ಹನ್ನೊಂದೂವರೆಗೆ, ಯಂತ್ರ ನಿಂತಿದ್ದ ಗಳಿಗೆಯಲ್ಲೇ, ವೀಣಾಳ ಮಾಸ್ಕಿನ ಎಲಾಸ್ಟಿಕ್ ಕಿತ್ತುಬಂತು. ಅಷ್ಟು ಸಣ್ಣ ಸದ್ದಿಗೆ ಪ್ಯಾಕಿಂಗ್ ಟೇಬಲ್ಲಿನ ಎಂಟೂ ಜನ ತಲೆಯೆತ್ತಿದರು.

ಎದುರಿಗೆ ಹೊಸ ಸೂಪರ್‌ವೈಸರ್ ಸಿದ್ದೇಶ್ ನಿಂತಿದ್ದ. ಗಡಿಯಾಚೆಯ ಪುಲ್ಪಳ್ಳಿಯ ಈ ಕಾಳುಮೆಣಸಿನ ಶೆಡ್ಡಿಗೆ ಅವನು ಬಂದು ಮೂರನೆಯ ದಿನ.

ಎರಡು ತಿಂಗಳಿಂದ ಯಾರಿಗೂ ತೋರಿಸದ ಮುಖ ಅವನ ಮುಂದೆ ಬಯಲಾಯಿತು. ಮೂಗಿನ ಮೇಲೆ ಬರೆ ಎಳೆದಂಥ ಕೆಂಪು ಗೆರೆ, ಕೆನ್ನೆ ತುಂಬ ಗುಳ್ಳೆ, ಗಲ್ಲದ ಮೇಲೆ ಸುಲಿದ ಚರ್ಮ. ವೀಣಾ ಅಂಗೈಯಿಂದ ಮುಚ್ಚಿಕೊಂಡಳು.

ಅವನು ನೋಡಬೇಕಾದ್ದಕ್ಕಿಂತ ತುಸು ಹೆಚ್ಚೇ ನೋಡಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನಾಳೆಯಿಂದ ನೀವು ಈ ಟೇಬಲ್ಲಿಗೆ ಬರೋದು ಬೇಡ. ಹಗಲು ಪಾಳಿಗೆ ಬನ್ನಿ. ಗೇಟಿನ ಹತ್ರ ಮೂಟೆಗಳಿಗೆ ಚೀಟಿ ಹೊಲಿಯೋ ಕೆಲಸ."

ಯಾರೋ ಕಿಸಕ್ಕೆಂದರು.

ಹೊರಗಿನಿಂದ ಖರೀದಿದಾರರು ಬಂದರೆ ಗಾಜಿನಾಚೆಯಿಂದ ಮೊದಲು ಕಾಣುವುದು ಪ್ಯಾಕಿಂಗ್ ಟೇಬಲ್ಲು. ಡಿಗ್ರಿ ಓದಿದ ವೀಣಾ ಎರಡು ವರ್ಷ ದುಡಿದು ಅಲ್ಲಿ ಜಾಗ ಸಂಪಾದಿಸಿದ್ದಳು. 'ನಾನು ಕಾಣಬಾರದವಳು. ಅಷ್ಟೇ ತಾನೆ ಇವನು ಹೇಳಿದ್ದು?'

ಆ ರಾತ್ರಿ ಅವಳು ಅಳಲಿಲ್ಲ. ಕಣ್ಣೀರಿಗಿಂತ ಉಪ್ಪಾದದ್ದೊಂದು ಎದೆಯಲ್ಲಿ ಗಟ್ಟಿಯಾಗುತ್ತಿತ್ತು.

"ಹೋಗ್ಲಿ ಬಿಡು ಮೋಳೆ," ಎಂದಳು ಹಗಲು ಪಾಳಿಯ ಶಾಂತ, ಮರುದಿನ ಗೇಟಿಗೆ ಬಂದು, ಮಗಳೇ ಎನ್ನುವ ಮಲಯಾಳಿ ಅಕ್ಕರೆಯಲ್ಲಿ. "ಇಲ್ಲಿ ಗಾಳಿ ಉಂಟು. ಟೀನೂ ಮೊದಲು ಇಲ್ಲಿಗೇ ಬರತ್ತೆ."

"ನನ್ನ ಮುಖ ನೋಡಿ ಓಡಿಸಿದ್ದು ಚೇಚಿ, ಅವನು."

"ಮುಖ ನೋಡಿ ಓಡಿಸೋದಾದ್ರೆ ನನ್ನನ್ನ ಸೇರಿಸ್ಕೊಳ್ತಲೇ ಇರಲಿಲ್ಲ." ವೀಣಾ ಚೇಚಿ, ಅಂದರೆ ಅಕ್ಕ ಎಂದು ಕರೆಯುವ ಶಾಂತಳ ಮಾಸ್ಕ್ ಯಾವತ್ತಿನಂತೆ ಗಲ್ಲದ ಕೆಳಗಿತ್ತು.

ಎರಡನೆಯ ದಿನ, ತಾನೂ ಹಗಲು ಪಾಳಿಗೆ ಬದಲಾಗಿದ್ದ ಸಿದ್ದೇಶ್ ಬಂದು, "ಇಲ್ಲಿ ಮಾಸ್ಕ್ ಬೇಕಿಲ್ಲ, ತೆಗೀರಿ," ಎಂದ.

'ಇನ್ನೊಮ್ಮೆ ನೋಡಿ ನಗಬೇಕೇನೋ...' ವೀಣಾ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡಳು. ಮೊದಲಿನ ಹಾಗೇ ದಿನಕ್ಕೆ ಮೂರು ಸಲ ಬಟ್ಟೆ ಸೋಪಿನಲ್ಲಿ ತಿಕ್ಕಿ ಒಗೆದು, ಶೆಡ್ಡಿನ ಹಿಂದಿನ ತಂತಿಗೆ ಹಾಕುತ್ತಿದ್ದಳು. ಹೊಟ್ಟು ತೂರುವ ದೊಡ್ಡ ಫ್ಯಾನಿನ ಗಾಳಿ ಅಲ್ಲಿಗೇ ಬೀಸುತ್ತಿತ್ತು. ಹತ್ತೇ ನಿಮಿಷಕ್ಕೆ ಒಣಗುತ್ತಿತ್ತು. ಅಷ್ಟು ಶುಚಿಯಾಗಿದ್ದೂ ಮುಖ ಉರಿಯುವುದು ನಿಲ್ಲಲಿಲ್ಲ. ಗುಳ್ಳೆ ಮುಚ್ಚಲು ಮೇಲಿಷ್ಟು ಪೌಡರ್ ಬೇರೆ.

ಉರಿದಾಗೆಲ್ಲ ಅವನ ನೆನಪು. ಊಟದ ಹೊತ್ತಿಗೆ ಅವನು ಮಾಸ್ಕನ್ನು ಎಲ್ಲಿ ತೂಗುಹಾಕುತ್ತಾನೆ, ಎಷ್ಟು ಹೊತ್ತಿಗೆ ಮರಳುತ್ತಾನೆ ಎಂದು ಐದು ದಿನ ನೋಡಿಟ್ಟುಕೊಂಡಳು. ಆರನೆಯ ದಿನ ಜರಡಿಯ ಕೆಳಗಿನ ಕಾಳುಮೆಣಸಿನ ಧೂಳನ್ನು ಚಿಟಿಕೆಯಷ್ಟು ತಂದು, ಮೊಳೆಗೆ ತೂಗುಹಾಕಿದ್ದ ಅವನ ಮಾಸ್ಕಿನ ಒಳಮೈಗೆ ಉಜ್ಜಿದಳು.

'ಉರಿ ಅಂದರೇನು ಅಂತ ಅವನಿಗೂ ಗೊತ್ತಾಗಲಿ.'

ಗೊತ್ತಾಯಿತು. ಸಿದ್ದೇಶ್ ಸೀನುತ್ತ, ಕಣ್ಣಲ್ಲಿ ಧಾರೆ ಸುರಿಸುತ್ತ ನಲ್ಲಿಗೆ ಓಡಿದ. ಮೂಗು, ಕೆನ್ನೆ ಎಲ್ಲ ಕೆಂಪಗೆ ಊದಿಕೊಂಡವು. ಮೂಟೆಗಳ ಮರೆಯಿಂದ ನೋಡಿದ ವೀಣಾಳಿಗೆ ಸುಖವಾಯಿತು. ಸುಳ್ಳೇಕೆ, ನಿಜವಾಗಿಯೂ ಸುಖವಾಯಿತು.

ಎಲ್ಲರೂ ಮುದಲಾಳಿ ಎನ್ನುವ ಮಾಲೀಕ ದಿವಾಕರನ್ ಗೇಟಿನ ಹತ್ತಿರ ಎಲ್ಲರನ್ನೂ ನಿಲ್ಲಿಸಿದರು. "ಹೆಸರು ಹೇಳು ಸಿದ್ದೇಶಾ. ಮಾಡಿದವರು ಇವತ್ತೇ ಕೆಲಸ ಬಿಟ್ಟು ಹೋಗ್ಬೇಕು."

ಸಿದ್ದೇಶನ ಕಣ್ಣು ಸಾಲಿನುದ್ದಕ್ಕೂ ಸಾಗಿ ವೀಣಾಳ ಕೈಯ ಮೇಲೆ ನಿಂತಿತು. ಉಗುರಿನಡಿ ಕಪ್ಪು ಧೂಳು. ಅವಳು ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿದಳು.

"ಯಾರೂ ಅಲ್ಲ ಸರ್. ಮಾಸ್ಕ್ ಒಗೆದು ಹಿಂದಿನ ತಂತಿಗೆ ಹಾಕಿದ್ದೆ. ಫ್ಯಾನು ತೂರಿದ ಧೂಳೆಲ್ಲ ಒಳಗೆ ಕೂತಿದೆ. ನನ್ನದೇ ತಪ್ಪು."

ವೀಣಾ ಬೆಚ್ಚಿದಳು. ಆ ತಂತಿ... ದಿನಕ್ಕೆ ಮೂರು ಸಲ... 'ಎರಡು ತಿಂಗಳಿಂದ ನನ್ನ ಮುಖಕ್ಕೆ ನಾನೇ ಇದನ್ನು ಕಟ್ಟಿಕೊಂಡಿದ್ದೆನೇ?'

ಸಂಜೆ ಅವನು ಮತ್ತೆ ಮುಖ ತೊಳೆಯುತ್ತಿದ್ದಾಗ ನಲ್ಲಿಯ ಬಳಿ ಹೋದಳು.

"ನಾನೇ ಮಾಡಿದ್ದು."

"ಗೊತ್ತು. ನಾನು ಆ ತಂತಿಗೆ ಏನೂ ಹಾಕಿರಲಿಲ್ಲ. ನೀವು ಹಾಕಿದ್ದನ್ನ ಬೆಳಿಗ್ಗೆ ನೋಡಿದೆ. ಊಟ ಆದಮೇಲೆ ಹೇಳೋಣ ಅಂದ್ಕೊಂಡಿದ್ದೆ, ಅಷ್ಟರಲ್ಲಿ..." ಅವನು ಸೀನಿದ. "ಆ ಧೂಳು ಮುಖಕ್ಕೆ ಏನು ಮಾಡತ್ತೆ ಅಂತ ನೀವೇ ತೋರಿಸಿಬಿಟ್ರಿ."

ಅವಳಿಗೆ ನಗು ಬರಲಿಲ್ಲ. "ಟೇಬಲ್ಲಿಂದ ಯಾಕೆ ತೆಗೆದ್ರಿ?"

ಅವನು ಮೂಗಿನ ಮೇಲಿನ ಹಳೆಯ ಕಪ್ಪು ಗೆರೆ ತೋರಿಸಿದ. "ಕೋವಿಡ್ ವರ್ಷ ಗಡಿಯ ಬಾವಲಿ ಚೆಕ್‌ಪೋಸ್ಟಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಮಾಸ್ಕ್ ಹಾಕಿದ್ದೆ. ಕೀವಾಗೋವರೆಗೂ ಯಾರಿಗೂ ತೋರಿಸಲಿಲ್ಲ. ಬತ್ತೇರಿ ಊರಿನ ಡಾಕ್ಟರು ಮೊದಲು ಹೇಳಿದ್ದೇ ಮುಖಕ್ಕೆ ಗಾಳಿ ಬೇಕು ಅಂತ. ಇಲ್ಲಿ ಮಾಸ್ಕ್ ಇಲ್ಲದೆ ಕೆಲಸ ಮಾಡೋಕೆ ಆಗೋದು ಗೇಟಲ್ಲಿ ಮಾತ್ರ."

"ಅವತ್ತೇ ಹೇಳಬಹುದಿತ್ತು."

"ಎಂಟು ಜನರ ಮುಂದೆ ನಿಮ್ಮ ಮುಖದ ಮಾತಾಡಲಾ?"

ಅವನು ಜೇಬಿನಿಂದ ಮೂರು ಹೊಸ ಹತ್ತಿ ಮಾಸ್ಕ್ ತೆಗೆದು ಕೊಟ್ಟ.

"ಶೆಡ್ಡೊಳಗೆ ಹೋಗುವಾಗ ಹಾಕಿ, ಬೆವರಿಗೆ ಒದ್ದೆಯಾದ್ರೆ ಬದಲಿಸಿ. ಬಟ್ಟೆ ಸೋಪು ಬೇಡ, ಚೆನ್ನಾಗಿ ಜಾಲಿಸಿ ಮನೇಲಿ ಒಣಗಿಸಿ. ಪೌಡರ್ ನಿಲ್ಸಿ. ಮಾಸ್ಕ್ ಹಾಕೋ ಅರ್ಧ ಗಂಟೆ ಮೊದಲು ವಾಸನೆಯಿಲ್ಲದ ಮಾಯಿಶ್ಚರೈಸರ್ ಸಾಕು. ಎರಡು ವಾರದಲ್ಲಿ ಕಡಿಮೆ ಆಗದಿದ್ರೆ ಡಾಕ್ಟರ ಹತ್ರ ಹೋಗಿ. ನನ್ನ ಹಾಗೆ ತಡ ಮಾಡ್ಬೇಡಿ."

"ಮುದಲಾಳಿಗೆ ಹೇಳ್ಬಿಡಿ," ಎಂದಳು, ಕಣ್ಣು ತುಂಬಿ. "ನೀವೂ ಸೇಡು ತೀರಿಸ್ಕೊಳ್ಳಿ."

"ತೀರಿಸ್ಕೊಳ್ತೀನಿ. ದಿನಾ ನಾಲ್ಕು ಗಂಟೆ ಟೀಗೆ ಆ ಹಲಸಿನ ಮರದ ಕೆಳಗೆ ನನ್ನೆದುರು ಕೂರ್ಬೇಕು. ಮಾಸ್ಕ್ ಇಲ್ಲದೆ."

"ಈ ಮುಖ ಇಟ್ಕೊಂಡಾ?"

"ಆ ರಾತ್ರಿಯಿಂದ ಮತ್ತೆ ನೋಡ್ಬೇಕು ಅನ್ಸಿದ್ದು ಈ ಮುಖವನ್ನೇ ವೀಣಾ."

ಅವಳು ನಿಧಾನವಾಗಿ ಕಿವಿಯ ಹಿಂದಿನ ಎಲಾಸ್ಟಿಕ್ ಬಿಡಿಸಿದಳು. ಕೆಂಪೇರಿದ ಎರಡು ಮುಖಗಳು ಒಂದನ್ನೊಂದು ನೋಡಿದವು.

"ನಾಳೆ ಎಷ್ಟು ಗಂಟೆಗೆ ಅಂದ್ರಿ?"

"ನಾಲ್ಕಕ್ಕೆ."

"ಸ್ವಲ್ಪ ಮೊದಲೇ ಬರ್ತೀನಿ."

ಬಸ್ಸಿನಲ್ಲಿ ಶಾಂತ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು. "ಬೇಕಂತಲೇ ಯಾರೋ ಹಾಕಿದ್ದಂತೆ. ನಿನಗೇನಾದ್ರೂ ಗೊತ್ತಾ ಮೋಳೆ?"

ವೀಣಾ ಉಗುರುಗಳನ್ನು ಸೆರಗಿನೊಳಗೆ ಮುಚ್ಚಿದಳು. ಕಿಟಕಿಯ ತಂಗಾಳಿ ಬರಿಗೆನ್ನೆಗೆ ತಾಗಿತು. ಅವನು ತನಗಾಗಿ ಹೇಳಿದ ಸುಳ್ಳನ್ನು ಅವಳು ಒಡೆಯುವವಳಲ್ಲ. ಶಾಂತಳಿಗಾಗಲಿ, ಮನೆಯವರಿಗಾಗಲಿ, ಯಾವತ್ತೂ.

"ಇಲ್ಲ ಚೇಚಿ," ಎಂದಳು. "ತಂತಿಯದೇ ತಪ್ಪಂತೆ."