ತೂತು ಮುಚ್ಚುವ ಚೂರು

“ಏ ಗಿಣಿ, ಈಗ ಆ ಆಂಟಿ ಥರ ಮಾಡೇ!” ಗುಂಡ ಮೊಣಕೈಯಿಂದ ತಿವಿದ.

ಇಡೀ ಐದನೇ ಕ್ಲಾಸು ಚೀಸ್ ಫ್ಯಾಕ್ಟರಿಯ ಗಾಜಿನ ಗೋಡೆಗೆ ಮೂಗು ಒತ್ತಿ ನಿಂತಿತ್ತು. ಈಜುಕೊಳದಂಥ ತೊಟ್ಟಿಗಳಲ್ಲಿ ಹಾಲು ಹೆಪ್ಪುಗಟ್ಟುವುದನ್ನು, ಮೆಷಿನ್ನು ಅದನ್ನು ಕತ್ತರಿಸಿ, ಉಪ್ಪು ಬೆರೆಸಿ, ಅದುಮುವುದನ್ನು ನೋಡಿ ಬಂದಿದ್ದರು. ಈಗ ಗಾಜಿನಾಚೆ, ಹದಕ್ಕೆ ಬರಲೆಂದು ತಿಂಗಳುಗಟ್ಟಲೆ ಮಲಗಿಸಿಟ್ಟ, ಸೂರು ಮುಟ್ಟುವಂತೆ ಪೇರಿಸಿದ ಚೆಡ್ಡಾರ್ ಚೀಸಿನ ದಿಮ್ಮಿಗಳು. ಅವುಗಳ ಮುಂದೆ ಬಿಳಿ ಟೋಪಿಯ ಹೆಂಗಸು. ಅವಳು ಉದ್ದನೆಯ ಕೊಳವೆಯೊಂದನ್ನು ದಿಮ್ಮಿಗೆ ಚುಚ್ಚಿ, ತಿರುಗಿಸಿ, ಒಳಗಿನ ಚೀಸಿನ ಸಮೇತ ಹೊರಗೆಳೆದಳು. ಕಣ್ಣು ಮುಚ್ಚಿ ಮೂಸಿದಳು. ಚೂರು ಅಗಿದು ಬಕೆಟ್ಟಿಗೆ ಉಗಿದಳು.

“ಥೂ! ಮೂಗು ತೂರಿಸೋದಕ್ಕೂ ಸಂಬಳ ಕೊಡ್ತಾರಲ್ಲೋ!” ಯಾರೋ ಕಿಸಕ್ಕನೆ ನಕ್ಕರು.

ಗಿಣಿ ಗಾಜಿನಿಂದ ಮೂಗು ಹಿಂದೆಳೆದಳು. ಆ ಟೋಪಿಯ ಕೆಳಗಿದ್ದುದು ಅವಳ ಅಮ್ಮ. ಸಂಜೆ ಮನೆಗೆ ಬಂದರೆ ಹುಳಿ ವಾಸನೆ ಹೊತ್ತು ತರುವ ಅಮ್ಮ. ಆದರೆ ಗಿಣಿ ಕ್ಲಾಸಿನಲ್ಲಿ, “ನಮ್ಮಮ್ಮ ಆಫೀಸಲ್ಲಿ ಕೆಲಸ ಮಾಡೋದು” ಎಂದು ಹೇಳಿಬಿಟ್ಟಿದ್ದಳು.

ಎಲ್ಲರ ಮಿಮಿಕ್ರಿ ಮಾಡುವವಳು ಈಗ ಮಾಡದಿದ್ದರೆ ಅನುಮಾನ ಬರುತ್ತದೆ. ಅವಳು ಪೆನ್ನನ್ನು ಗುಂಡನ ಕಂಕುಳಿಗೆ ಚುಚ್ಚಿ, ತಿರುಗಿಸಿ, ಕಣ್ಣು ಮುಚ್ಚಿ ಮೂಸಿದಳು.

“ಊಂ... ಇದಿನ್ನೂ ಎಳಸು. ತೊಳೀಬೇಡಿ, ಇನ್ನೊಂದು ವರ್ಷ ಹಾಗೇ ಮಲಗಿಸಿ!”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ತಟಕ್ಕನೆ ನಗು ನಿಂತಿತು. ತೆರೆದ ಬಾಗಿಲಲ್ಲಿ ಕೊಳವೆ ಹಿಡಿದ ಬಿಳಿ ಟೋಪಿ ನಿಂತಿತ್ತು.

“ಚೆನ್ನಾಗಿ ಮಾಡ್ತೀಯಲ್ಲಮ್ಮಾ,” ಅಂದಳು ಅಮ್ಮ. ಗಿಣಿಯ ಬೆಳ್ಳಗಾದ ಮುಖ ನೋಡಿದಳು. ಸುತ್ತಲಿನ ಮಕ್ಕಳನ್ನು ನೋಡಿದಳು. “ಏನು ಪುಟ್ಟಿ ನಿನ್ನ ಹೆಸರು?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಮ್ಮ ಬೇಕೆಂತಲೇ ಗುರುತಿಲ್ಲದವಳಂತೆ ಮಾತಾಡಿಸುತ್ತಿದ್ದಳು. ಹಾಗಾದರೆ ಆಫೀಸಿನ ಕತೆ ಅಮ್ಮನ ಕಿವಿಗೂ ಬಿದ್ದಿತ್ತು! ಗಿಣಿ ತಲೆ ತಗ್ಗಿಸಿದಳು. ಅವಳ ಕಿವಿಗಳು ಸುಡುತ್ತಿದ್ದವು.

“ಒಂದು ಮಾತ್ರ ಮರೆತೆ,” ಅಮ್ಮ ಮೆಲ್ಲಗೆ ಹೇಳಿದಳು. “ಹೊರಗೆ ತೆಗೆದಿದ್ದರಲ್ಲಿ ತುದಿ ಮುರಿದು ರುಚಿ ನೋಡ್ತೀವಿ. ಉಳಿದ ಚೂರನ್ನ ಅದೇ ತೂತಿಗೆ ವಾಪಸ್ ಹಾಕಿ ಒತ್ತಬೇಕು. ಇಲ್ದಿದ್ರೆ ಒಳಗೆ ಗಾಳಿ ಹೋಗಿ ದಿಮ್ಮಿ ಕೆಡುತ್ತೆ.”

“ಗುರುತು ಉಳಿಯಲ್ವಾ?” ಗಿಣಿ ಕೇಳಿದಳು.

“ಸ್ವಲ್ಪ ಉಳಿಯುತ್ತೆ. ಆದ್ರೆ ಕೆಡಲ್ಲ.”

ಗಿಣಿ ಪೆನ್ನನ್ನು ಮತ್ತೆ ಗುಂಡನ ಕಂಕುಳಿಗೆ ಸೇರಿಸಿ, ಹೆಬ್ಬೆರಳಿನಿಂದ ಒತ್ತಿದಳು.

“ಹೀಗಾ... ಅಮ್ಮಾ?”

“ಅಮ್ಮನಾ?” ಗುಂಡ ಬಾಯಿ ಬಿಟ್ಟ. “ಆಫೀಸು ಅಂದಿದ್ಯಲ್ಲೇ?”

“ಸುಳ್ಳು ಹೇಳಿದ್ದೆ. ಇವರೇ ನಮ್ಮಮ್ಮ.”

ಅಮ್ಮ ಬಗ್ಗಿ ಗುಂಡನ ಕಂಕುಳಿನ ಹತ್ತಿರ ಮೂಸಿ, ಮುಖ ಕಿವುಚಿ, ಥೇಟ್ ಗಿಣಿಯ ದನಿಯಲ್ಲೇ ಅಂದಳು:

“ಊಂ... ಮಲಗಿಸೋದು ಆಮೇಲೆ, ಮೊದಲು ತೊಳೀರಿ!”

ಗುಂಡನೂ ನಕ್ಕ, ಎಲ್ಲರೂ ನಕ್ಕರು. ನಗುತ್ತಲೇ ಅಮ್ಮ ತೋಳಿನಿಂದ ಕಣ್ಣು ಒರೆಸಿಕೊಂಡಿದ್ದನ್ನು ಗಿಣಿಯೊಬ್ಬಳೇ ನೋಡಿದಳು. ಹುಳಿ ವಾಸನೆಯ ಆ ತೋಳಿಗೆ ಎಲ್ಲರೆದುರೇ ಒರಗಿ ನಿಂತಳು.

ಆಗ ಅಮ್ಮ ನಕ್ಕ ನಗು ಇಡೀ ಕ್ಲಾಸಿನ ನಗುವಿಗಿಂತ ಜೋರಾಗಿತ್ತು.