ಉಪ್ಪು ನೋಡುವ ಪೆಟ್ಟಿಗೆ

ಸಂಜೆ ಆರೂವರೆಗೆ ಲಿಖಿತಾ ಕೆಲಸದಿಂದ ಬಂದು ಚಪ್ಪಲಿ ಬಿಟ್ಟು, ಫ್ರಿಜ್ಜಿನಿಂದ ಒಂದು ಪೊಟ್ಟಣ ತೆಗೆದು ಪೆಟ್ಟಿಗೆಯೊಳಗೆ ಇಟ್ಟಳು. ಪೆಟ್ಟಿಗೆ ತನ್ನ ಮುಚ್ಚಳವನ್ನು ತಾನೇ ಮುಚ್ಚಿ ಬೀಗ ಹಾಕಿಕೊಂಡಿತು. ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ, ಅಂದರೆ ಸರಿಯಾಗಿ ನಾಲ್ಕು ನಿಮಿಷಕ್ಕೆ, ಮಟನ್ ಸಾರು ಸಿದ್ಧವಾಗಿತ್ತು. ಮುಟ್ಟಿದರೆ ಮೂಳೆ ಬಿಡುವಷ್ಟು ಹದವಾಗಿ ಬಾಡು ಬೆಂದಿತ್ತು. ಪಕ್ಕದ ಖಾನೆಯಲ್ಲಿ ಮುದ್ದೆ ಬಿಸಿಬಿಸಿಯಾಗಿ ಕೂತಿತ್ತು.

ಆರು ವರ್ಷದ ಮಗಳು ಇಂಚರ ತಟ್ಟೆಯನ್ನು ನೋಡಿ, ಒಂದು ಗೇಣು ಆಚೆ ತಳ್ಳಿದಳು.

"ಬೇಡ."

"ಯಾಕೆ, ಖಾರನಾ?"

"ಇಲ್ಲ."

"ಬೆಂದಿಲ್ವಾ?"

"ಬೆಂದಿದೆ."

"ಮತ್ತೇನೇ ನಿನ್ ಗೋಳು?"

"ಬೇಡ ಅಷ್ಟೇ."

ಲಿಖಿತಾಗೆ ರೇಗಿಹೋಯಿತು. ರೇಗದೆ ಇನ್ನೇನು? ಆ ಪೆಟ್ಟಿಗೆಯನ್ನು ಕಂಡುಹಿಡಿದವಳೇ ಅವಳು. ಕಿವಿಗೆ ಕೇಳಿಸದಷ್ಟು ತೀಕ್ಷ್ಣವಾದ ಧ್ವನಿಯ ಅಲೆಗಳು ಮಾಂಸದ ನಾರುಗಳ ನಡುವೆ ನುಗ್ಗಿ, ಒಲೆಯ ಮೇಲೆ ಒಂದೂವರೆ ಗಂಟೆ ಹಿಡಿಯುವ ಕೆಲಸವನ್ನು ನಾಲ್ಕು ನಿಮಿಷದಲ್ಲಿ ಮುಗಿಸುವ ಹಾಗೆ ಮಾಡಲು ಅವಳಿಗೆ ಹನ್ನೊಂದು ವರ್ಷ ಬೇಕಾಯಿತು. ಮಂಡ್ಯದ ಕಡೆ ಬಾಡಿನ ಸಾರಿಗೆ ಹೇಳುವ 'ಎಸರು' ಎಂಬ ಹೆಸರನ್ನೇ ಅದಕ್ಕೆ ಇಟ್ಟಳು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳು ಅದನ್ನು ಕಣ್ಣಿಗೊತ್ತಿಕೊಂಡವು. ವಾರದ ನಡುವೆ ನಾಟಿಕೋಳಿ ಸಾರು, ಚಾಪ್ಸ್, ಕೈಮಾ ಉಂಡೆ! ಈರುಳ್ಳಿ ಹೆಚ್ಚಬೇಕಿಲ್ಲ, ಮಸಾಲೆ ರುಬ್ಬಬೇಕಿಲ್ಲ, ಕುಕ್ಕರಿನ ಸೀಟಿ ಎಣಿಸುತ್ತ ನಿಲ್ಲಬೇಕಿಲ್ಲ.

ಆದರೆ ಕಂಪನಿಗೆ ಬರುತ್ತಿದ್ದ ದೂರು ಮಾತ್ರ ಎಲ್ಲ ಊರಿಂದಲೂ ಒಂದೇ. ದೊಡ್ಡವರು ಚಪ್ಪರಿಸಿ ತಿನ್ನುತ್ತಾರೆ, ಮಕ್ಕಳು ಮುಟ್ಟುವುದಿಲ್ಲ. ಲಿಖಿತಾಳ ತಂಡ ಖಾರ ಇಳಿಸಿತು, ಕೊತ್ತಂಬರಿ ಏರಿಸಿತು, ತುಂಡುಗಳನ್ನು ಸಣ್ಣ ಮಾಡಿತು, ಕೊನೆಗೆ ನಕ್ಷತ್ರದ ಆಕಾರದಲ್ಲಿ ಕತ್ತರಿಸಿಯೂ ನೋಡಿತು. ಏನೂ ಗಿಟ್ಟಲಿಲ್ಲ. ಇತ್ತ ಇಂಚರ ಹಾಲು ಬಿಸ್ಕತ್ತಿನ ಮೇಲೆ ದಿನ ತಳ್ಳುತ್ತ, ಮೂರು ತಿಂಗಳಲ್ಲಿ ಎರಡು ಕಿಲೋ ಇಳಿದಿದ್ದಳು. ಮುಂದಿನ ತೂಕದಲ್ಲೂ ಇಳಿದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಶಾಲೆಯ ಡಾಕ್ಟರು ಬರೆದು ಕಳಿಸಿದ್ದರು. ಊರ ಮಕ್ಕಳಿಗೆಲ್ಲ ಅಡುಗೆ ಮಾಡಲು ಹೊರಟವಳಿಗೆ ತನ್ನ ಮಗುವಿಗೆ ಒಂದು ತುತ್ತು ತಿನ್ನಿಸಲು ಆಗುತ್ತಿರಲಿಲ್ಲ. ಈ ಸಂಕಟವನ್ನು ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು?

ಭಾನುವಾರ ಮಧ್ಯಾಹ್ನ ಮದ್ದೂರಿನಿಂದ ಅವಳ ತಾಯಿ ಭವ್ಯಮ್ಮ ಬಂದರು. ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರಾಗಿ ದುಡಿದ ಹೆಂಗಸು. ಮನೆಯೊಳಗೂ ಹಿಂದಿನ ಸೀಟಿನವರಿಗೆ ಕೇಳಿಸುವಂತೆಯೇ ಮಾತಾಡುತ್ತಿದ್ದರು. ಲಿಖಿತಾ ಪೊಟ್ಟಣ ಇಟ್ಟು ಗುಂಡಿ ಒತ್ತಿದಳು. ಭವ್ಯಮ್ಮ ಎರಡು ನಿಮಿಷ ಪೆಟ್ಟಿಗೆಯನ್ನೇ ದಿಟ್ಟಿಸಿದರು.

"ಉಪ್ಪು ನೋಡಿದ್ಯೇನವ್ವ?"

"ಅದೇ ನೋಡ್ಕೊಳುತ್ತಮ್ಮ."

"ಯಾವುದು?"

"ಪೆಟ್ಟಿಗೆ. ಒಳಗೊಂದು ಸೆನ್ಸರ್ ಇದೆ. ಸಾರಲ್ಲಿ ಉಪ್ಪು ಎಷ್ಟಿದೆ ಅಂತ ಅಳೆಯುತ್ತೆ, ಕಮ್ಮಿ ಇದ್ರೆ ತಾನೇ ಹಾಕುತ್ತೆ."

"ಅಳೆಯೋದು ಬೇರೆ, ನೋಡೋದು ಬೇರೆ ಕಣವ್ವ. ಬಾಯಿಲ್ಲದ ಪೆಟ್ಟಿಗೆ ಉಪ್ಪು ಹೆಂಗೆ ನೋಡೀತು? ತೆಗಿ ಮುಚ್ಚಳವ."

"ತೆಗೆಯಕ್ಕಾಗಲ್ಲಮ್ಮ! ಆಗೋ ತನಕ ಬೀಗ ಬಿಡಲ್ಲ ಅದು."

"ಅಯ್ಯೋ ಬುಡು ಅತ್ಲಾಗೆ! ಮತ್ತೆ ಮಗಾ ಯಾವಾಗ ಉಪ್ಪು ನೋಡಾದು?"

ಈ ಮಾತನ್ನು ಲಿಖಿತಾ ಹಿಂದೆ ಎಲ್ಲೋ ಕೇಳಿದ್ದಳು. ಏಳು ವರ್ಷದ ಹಿಂದೆ ಯಂತ್ರಕ್ಕೆ ಅಡುಗೆ ಕಲಿಸಲು ಅವಳು ಅಮ್ಮನ ಬಾಯಿಂದಲೇ ಮಟನ್ ಸಾರಿನ ವಿಧಾನ ಹೇಳಿಸಿ, ಧ್ವನಿ ಮುದ್ರಿಸಿಕೊಂಡಿದ್ದಳು. ಆ ಮುದ್ರಣವನ್ನು ಈಗ ಮತ್ತೆ ಹುಡುಕಿ ಹಾಕಿದಳು. ಹುರಿಯುವುದು, ರುಬ್ಬುವುದು, ನೀರು ಬಿಡುವುದು ಎಲ್ಲ ಆದ ಮೇಲೆ ಭವ್ಯಮ್ಮನ ದನಿ ಬಂತು: "ಮುಕ್ಕಾಲು ಬೆಂದ ಮ್ಯಾಕೆ ಮಗಾನ ಕರ್ದು, ಅಂಗೈ ಮ್ಯಾಲೆ ಒಂದು ಈಲಿ ತುಂಡು ಮಡಗಿ ಉಪ್ಪು ನೋಡ್ಸು. ಆಮ್ಯಾಕೆ ಇಳಿಸು."

ಪಕ್ಕದಲ್ಲೇ ತಂಡದ ಟಿಪ್ಪಣಿಯಿತ್ತು. ಯಂತ್ರ 'ನೋಡು' ಎಂಬ ಮಾತನ್ನು ಅಳತೆ ನೋಡುವುದು ಎಂದುಕೊಂಡು ಸೆನ್ಸರಿಗೆ ಒಪ್ಪಿಸಿತ್ತು. ಇಡೀ ವಾಕ್ಯದಲ್ಲಿ ಉಳಿದದ್ದು ಒಂದು ಮಗು, ಒಂದು ಅಂಗೈ, ಒಂದು ತುಂಡು ಈಲಿ, ಅಂದರೆ ಲಿವರ್. ಅದರ ಮೇಲೆ ಅಡ್ಡಗೀಟು ಎಳೆದು, 'ಅಡುಗೆಗೆ ಸಂಬಂಧವಿಲ್ಲ' ಎಂದು ಕೈಯಲ್ಲಿ ಬರೆಯಲಾಗಿತ್ತು. ಅಕ್ಷರ ಲಿಖಿತಾಳದೇ. ಅವಳಿಗೆ ಆಗಿನ್ನೂ ಮಗುವಾಗಿರಲಿಲ್ಲ.

"ನೀನು ಕೆಲಸಕ್ಕೆ ಹೋಗ್ತಿದ್ದವಳಲ್ವೇನಮ್ಮ? ಇದಕ್ಕೆಲ್ಲ ಪುರುಸೊತ್ತು ಎಲ್ಲಿತ್ತು ನಿನಗೆ?" ಸಿಟ್ಟು ತನ್ನ ಮೇಲಿದ್ದರೂ ಅವಳು ಅಮ್ಮನ ಮೇಲೆ ಹರಿಹಾಯ್ದಳು.

"ಎಲ್ಲಿತ್ತು ಪುರುಸೊತ್ತು? ಬಾಡು ತರ್ತಿದ್ದುದೇ ಭಾನುವಾರ. ಅದೂ ರಜೆ ಇದ್ರೆ. ನೀನು ಸೀರೆ ಹಿಡ್ಕೊಂಡು ಒಲೆ ಮುಂದೆ ನಿಂತ್ಕತಿದ್ದೆ. ಉಪ್ಪು ಸಾಲ್ದು ಅಂತ ನೀನು ಹೇಳಿದ್ ಮ್ಯಾಲೆ ತಾನೇ ನಾನು ಇಳಿಸ್ತಿದ್ದುದು? ನೀನೇ ಮಾಡ್ದೆ ಅನ್ನೋ ಥರ ತಿಂತಿದ್ದೆ."

ಆ ಸಂಜೆಯೇ ಲಿಖಿತಾ ಸ್ಕ್ರೂಡ್ರೈವರ್ ಹಿಡಿದು ಕೂತಳು. ಮೂರು ನಿಮಿಷಕ್ಕೆ ಅಲೆಗಳು ನಿಲ್ಲಬೇಕು, ಮುಚ್ಚಳ ತೆರೆಯಬೇಕು, ಮತ್ತೆ ಮುಚ್ಚಿ ಕೊನೆಯ ನಿಮಿಷ ಬೇಯಿಸಬೇಕು. ನಲವತ್ತು ಸೆಕೆಂಡಿಗಿಂತ ಹೆಚ್ಚು ತೆರೆದಿಟ್ಟರೆ ಒಳಗಿನ ಬಿಸಿ ಇಳಿದು ಬಾಡು ರಬ್ಬರಾಗುತ್ತಿತ್ತು. ಹಾಗಾಗಿ ನಲವತ್ತಕ್ಕೆ ತಾನಾಗಿಯೇ ಬೀಗ ಬೀಳುವಂತೆ ಮಾಡಿದಳು.

ಮುಚ್ಚಳ ತೆರೆದು ಹಬೆ ಎದ್ದಾಗ ಇಂಚರ ಕರೆಯದೇ ಓಡಿ ಬಂದಳು. ಭವ್ಯಮ್ಮ ಒಂದು ತುಂಡನ್ನು ಅವಳ ಅಂಗೈ ಮೇಲೆ ಇಟ್ಟರು. ಅವಳು ಊದಿ ಊದಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನ್ಯಾಯಾಧೀಶರ ಗತ್ತಿನಲ್ಲಿ ಅಂದಳು: "ಉಪ್ಪು ಕಮ್ಮಿ."

ಸೆನ್ಸರಿನ ಪ್ರಕಾರ ಉಪ್ಪು ಕರಾರುವಾಕ್ಕಾಗಿತ್ತು. ಆದರೂ ಲಿಖಿತಾ ಒಂದು ಚಿಟಿಕೆ ಹಾಕಿದಳು. ಸಾರು ಉಪ್ಪುಪ್ಪಾಯಿತು. ಇಂಚರ ಒಂದು ಮುದ್ದೆ ಪೂರ್ತಿ ಉಂಡು, ಮೂಳೆ ಚೀಪಿ, ಇನ್ನಷ್ಟು ಸಾರು ಹಾಕಿಸಿಕೊಂಡಳು. ಲಿಖಿತಾ ನೀರು ತರುವ ನೆಪದಲ್ಲಿ ಒಳಗೆ ಹೋಗಿ ಅತ್ತಳು. ಮುಂದಿನ ತೂಕದಲ್ಲಿ ಮಗು ಅರ್ಧ ಕಿಲೋ ಏರಿತ್ತು.

ಕಂಪನಿಯವರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಡಬ್ಬದ ಮೇಲೆ 'ನಾಲ್ಕೇ ನಿಮಿಷ' ಎಂದು ಅಚ್ಚಾಗಿದೆ, ನಾಲ್ಕು ನಿಮಿಷ ನಲವತ್ತು ಸೆಕೆಂಡು ಎಂದರೆ ಯಾರು ಕೊಳ್ಳುತ್ತಾರೆ ಎಂಬುದು ಮುಖ್ಯಸ್ಥ ನಿಶ್ಚಲನ ವಾದ. ಒಂದು ಶುಕ್ರವಾರ ಸಂಜೆ ಅವಳು ಪೊಟ್ಟಣ ಇಟ್ಟು ಗುಂಡಿ ಒತ್ತಿದ ಕೂಡಲೇ ಅವನ ಕರೆ ಬಂತು.

"ಲಿಖಿತಾ ಅವರೇ, ಬೇಕಾದ್ರೆ ಒಂದು ಯಂತ್ರದ ಕೈ ಹಾಕೋಣ. ಅದೇ ತುಂಡು ತೆಗೆದು ಮಗೂಗೆ ಕೊಡ್ಲಿ. ಉಪ್ಪು ನೋಡು ಪುಟ್ಟ ಅಂತ ಧ್ವನಿನೂ ಇಡೋಣ. ತಾಯಂದಿರಿಗೆ ತೊಂದರೆ ಇರಲ್ಲ."

"ತೊಂದರೆನಾ? ಸರ್, ನಾನು ಇಷ್ಟು ದಿನ ಹೇಳಿದ್ದು ನಿಮಗೆ ಒಂದು ಚೂರಾದ್ರೂ ಅರ್ಥ ಆಗಿದ್ಯಾ?" ಲಿಖಿತಾಳ ದನಿ ಏರಿತು. ಅಷ್ಟರಲ್ಲಿ ಮೂರು ನಿಮಿಷವಾಗಿ, ಅಡುಗೆಮನೆಯಲ್ಲಿ ಮುಚ್ಚಳ ತೆರೆದ ಸದ್ದಾಯಿತು. ಇಂಚರ ಚಮಚದಲ್ಲಿ ತಾನೇ ಒಂದು ತುಂಡು ತೆಗೆದು, ಅಂಗೈ ಮೇಲಿಟ್ಟುಕೊಂಡು, ಬೀಳದಂತೆ ಮೆಲ್ಲಗೆ ನಡೆದು ಬಂದಳು.

"ಅಮ್ಮಾ, ಇವತ್ತು ನೀನು ಉಪ್ಪು ನೋಡು."

"ಒಂದ್ನಿಮಿಷ ಪುಟ್ಟ." ಲಿಖಿತಾ ತಿರುಗದೆಯೇ ಕೈ ತೋರಿಸಿದಳು. "ನಲವತ್ತು ಸೆಕೆಂಡು ಸರ್! ತಂದೆ ತಾಯಿ ತಮ್ಮ ಮಗೂಗೆ ನಲವತ್ತು ಸೆಕೆಂಡು ಕೊಡಕ್ಕಾಗಲ್ವಾ ಅಂತ ನಾನು ಕೇಳ್ತಿರೋದು..."

ತನ್ನ ಮಾತು ತನ್ನ ಕಿವಿಗೇ ಬಿತ್ತು. ಆ 'ಒಂದ್ನಿಮಿಷ'ವನ್ನು ಅವಳಿಗೆ ಯಾವ ಪೆಟ್ಟಿಗೆಯೂ ಕಲಿಸಿರಲಿಲ್ಲ. ಲಿಖಿತಾ ತಾನೇ ಆರು ವರ್ಷದವಳಿದ್ದ ಕಾಲದಲ್ಲಿ, ಅಂದರೆ ನಾವು ನೀವು ಇರುವ ಈ ವರ್ಷಗಳಲ್ಲೇ, ಒಂದು ಭಾನುವಾರ ಅಪ್ಪನಿಗೆಂದು ಅಂಗೈ ಮೇಲೆ ತುಂಡು ಹಿಡಿದುಕೊಂಡು ಹೋಗಿದ್ದಳು. ಅಪ್ಪ ಫೋನಿನಿಂದ ತಲೆ ಎತ್ತದೆ ಅದನ್ನೇ ಅಂದಿದ್ದ.

ಅವಳು ಫೋನ್ ಇಟ್ಟು ತಿರುಗಿದರೆ ಮಗು ಅಲ್ಲಿರಲಿಲ್ಲ; ಅಡುಗೆಮನೆಗೆ ಓಡಿದಳು. ಇಂಚರ ಅಂಗೈ ನೆಕ್ಕುತ್ತ ನಿಂತಿದ್ದಳು.

"ಕೊಡು ಪುಟ್ಟ, ಎಲ್ಲಿ, ನೋಡ್ತೀನಿ."

"ಆರೋಗ್ತಿತ್ತು, ನಾನೇ ತಿಂದೆ. ಉಪ್ಪು ಸರಿ ಇದೆ, ನೀನು ಮಾತಾಡು."

"ಇಲ್ಲ ಇಲ್ಲ, ಇನ್ನೊಂದು ತುಂಡು ತೆಗಿ."

ಇಂಚರ ಪೆಟ್ಟಿಗೆಯ ಕಡೆ ನೋಡಿದಳು. "ಮುಚ್ಕೊಂಡ್ತಮ್ಮ."